ಚಿತ್ರಕ್ಕೂ ಒಂದು ತಾಯ್ನುಡಿ: ಕಾಯಿಲೆ, ಅನಿಮೇಷನ್ ಮತ್ತು ನೋಡುವ ಜನ



ದೆಹಲಿಯ ಯಾವುದೇ ದೊಡ್ಡ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನ ಹೊತ್ತು ನಿಂತರೆ ಒಂದೇ ಸಾಲಿನಲ್ಲಿ ಎಷ್ಟು ನುಡಿಗಳು ಕಿವಿಗೆ ಬೀಳುತ್ತವೆ ಎಂಬುದು ತಮಗೆಲ್ಲ ತಿಳಿದದ್ದೇ. ಭೋಜಪುರಿ, ಮೈಥಿಲಿ, ಹರಿಯಾಣವಿ, ನೂಹ್ ಕಡೆಯ ಮೇವಾತಿ, ಬಂಗಾಳಿ, ನೇಪಾಳಿ. ಮಗನ ಮನೆಗೆಂದು ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ನೋಯ್ಡಾಕ್ಕೆ ಬಂದು ನೆಲೆಸಿದ ನಮ್ಮ ತಂದೆತಾಯಿಯರೂ ಆ ಸಾಲಿನಲ್ಲಿ ಇರುತ್ತಾರೆ. ತರಕಾರಿ ಕೊಳ್ಳುವಷ್ಟು ಹಿಂದಿ ಅವರಿಗೆ ಬರುತ್ತದೆ. ಎದೆಯಲ್ಲಿ ಏನಾಗುತ್ತಿದೆ ಎಂದು ಹೇಳಿಕೊಳ್ಳುವಷ್ಟು ಬರುವುದಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಕ್ಷಯದ್ದೋ ಸಕ್ಕರೆ ಕಾಯಿಲೆಯದ್ದೋ ಅನಿಮೇಷನ್ ಚಿತ್ರವೊಂದು ಮತ್ತೆ ಮತ್ತೆ ಸುತ್ತಿ ಬರುತ್ತಿರುತ್ತದೆ. ಎಲ್ಲರಿಗೂ ಅದೇ ಚಿತ್ರ. ಅದು ಯಾರ ಭಾಷೆಯಲ್ಲಿದೆ ಎಂಬುದೇ ಇಂದಿನ ನನ್ನ ಪ್ರಶ್ನೆ. ಧ್ವನಿಯ ಮಾತು ಹಾಗಿರಲಿ, ಚಿತ್ರದ ಮಾತನ್ನು ಕೇಳುತ್ತಿದ್ದೇನೆ.

ಕಾಯಿಲೆಯನ್ನು ವಿವರಿಸಲು ಅನಿಮೇಷನ್ ಏಕೆ ಬೇಕು ಎಂಬುದಕ್ಕೆ ಈ ಊರಿನ ಚಳಿಗಾಲವೇ ಸಾಕ್ಷಿ. ನವೆಂಬರಿನ ಹೊಗೆಯಲ್ಲಿ ನಮ್ಮನ್ನು ಕಾಡುವ ಪಿಎಂ 2.5 ಎಂಬ ಕಣದ ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಕ್ಯಾಮೆರಾ ಹಿಡಿದು ಹೊರಟರೆ ಸಿಗುವುದು ಬೂದು ಬಣ್ಣದ ಆಕಾಶ ಮತ್ತು ಮಸುಕಾದ ಇಂಡಿಯಾ ಗೇಟ್, ಅಷ್ಟೇ. ಬಿಡಿಸಿದ ಚಿತ್ರ ಮಾತ್ರ ಆ ಕಣದ ಜೊತೆಗೇ ಮೂಗಿನೊಳಗೆ ಹೋಗಬಲ್ಲದು, ಶ್ವಾಸನಾಳದ ಕವಲುಗಳನ್ನು ಇಳಿದು ಶ್ವಾಸಕೋಶದ ಗಾಳಿಗೂಡುಗಳ ಕೊನೆ ಮುಟ್ಟಬಲ್ಲದು. ಹಾಗೆಯೇ ಇಪ್ಪತ್ತು ವರ್ಷ ಸದ್ದಿಲ್ಲದೆ ರಕ್ತನಾಳವನ್ನು ಸವೆಸುವ ಬಿ.ಪಿ.ಯನ್ನು ಇಪ್ಪತ್ತು ಸೆಕೆಂಡಿನಲ್ಲಿ ತೋರಿಸಬಲ್ಲದು. ಕಣ್ಣು ಹೋಗಲಾರದ ಜಾಗಕ್ಕೆ ಹೋಗುವುದು, ಕಾಯಲಾರದ ಕಾಲವನ್ನು ಮಡಚಿ ಕೊಡುವುದು, ಇವೆರಡು ಅದರ ಶಕ್ತಿ.

ಇದರ ಜೊತೆಗೆ ಹೊಣೆಯೊಂದು ಬರುತ್ತದೆ. ಛಾಯಾಚಿತ್ರದಲ್ಲಿ ನಾವು ಕರೆಯದಿದ್ದ ವಸ್ತುಗಳೂ ಬಂದು ಕೂರುತ್ತವೆ. ಅನಿಮೇಷನ್‌ನಲ್ಲಿ ಪ್ರತಿ ಗೆರೆಯನ್ನೂ ಯಾರೋ ಬೇಕೆಂದೇ ಹಾಕಿರುತ್ತಾರೆ, ಬಿಟ್ಟದ್ದನ್ನೂ ಬೇಕೆಂದೇ ಬಿಟ್ಟಿರುತ್ತಾರೆ. ಏನನ್ನು ಬಿಡಬೇಕು ಎಂದು ನಿರ್ಧರಿಸುವಾಗ ನೋಡುವವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ನಾವು ಊಹಿಸಿಕೊಳ್ಳುತ್ತೇವೆ. ಆ ಊಹೆ ತಪ್ಪಿದರೆ ಚಿತ್ರ ಎಷ್ಟು ಅಂದವಾಗಿದ್ದರೂ ಕೆಲಸಕ್ಕೆ ಬಾರದು.

ಕನ್ನಡಿಗರಿಗೆ ಈ ಕಲೆ ಹೊಸದೇನಲ್ಲ. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಬಣ್ಣ ಹಾಕಿ, ಕೈಕಾಲು ಕೀಲುಗಳನ್ನು ಬೇರೆಯಾಗಿ ಕತ್ತರಿಸಿ ಹೊಲಿದು, ಪರದೆಯ ಹಿಂದೆ ದೀಪವಿಟ್ಟು ಆಡಿಸುವ ತೊಗಲುಗೊಂಬೆಯಾಟ ಚಲಿಸುವ ಚಿತ್ರವಲ್ಲದೆ ಮತ್ತೇನು? ಎಕ್ಸ್‌ರೇ ಫಿಲ್ಮನ್ನು ವೈದ್ಯರು ಕಿಟಕಿಯ ಬೆಳಕಿಗೆ ಹಿಡಿದಾಗ ನನಗೆ ನೆನಪಾಗುವುದು ಈ ಗೊಂಬೆಗಳೇ. ಈ ಆಟವಾಡಿಸುವ ಕಿಳ್ಳೇಕ್ಯಾತರ ಗೊಂಬೆಯ ರಾವಣನಿಗೆ ಹತ್ತು ತಲೆ ಏಕೆ, ಆಂಜನೇಯ ಏಕೆ ಅಷ್ಟು ದೊಡ್ಡವನು ಎಂದು ನೋಡುವ ಯಾರೂ ಕೇಳುವುದಿಲ್ಲ. ಆಟಗಾರನಿಗೂ ನೋಡುಗರಿಗೂ ನಡುವೆ ಗೆರೆ, ಬಣ್ಣ, ಗಾತ್ರಗಳ ಒಪ್ಪಂದವೊಂದು ತಲೆಮಾರುಗಳಿಂದ ನಡೆದುಬಂದಿದೆ. ಆರೋಗ್ಯದ ಅನಿಮೇಷನ್‌ಗೆ ಅಂಥ ಒಪ್ಪಂದ ಹುಟ್ಟಿನಿಂದ ಬಂದಿಲ್ಲ. ಅದನ್ನು ಕಟ್ಟಿಕೊಳ್ಳಬೇಕು.

ಹೊರಗಿನ ಇತಿಹಾಸವನ್ನು ಚುಟುಕಾಗಿ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಲ್ಯಾಟಿನ್ ಅಮೆರಿಕದ ಜನರಿಗೆಂದು ಡಿಸ್ನಿ ಸ್ಟುಡಿಯೋದಿಂದ ಆರೋಗ್ಯದ ಕಿರುಚಿತ್ರಗಳನ್ನು ಮಾಡಿಸಿತು. 1943ರ ಮಲೇರಿಯಾ ಚಿತ್ರದಲ್ಲಿ ಸ್ನೋ ವೈಟ್ ಕಥೆಯ ಏಳು ಕುಳ್ಳರೇ ಸೊಳ್ಳೆಯ ಮೇಲೆ ದಂಡೆತ್ತಿ ಹೋಗುತ್ತಾರೆ. ನಮ್ಮಲ್ಲಿ 1956ರಲ್ಲಿ ಬೊಂಬಾಯಿಯ ಫಿಲ್ಮ್ಸ್ ಡಿವಿಷನ್ ಕಾರ್ಟೂನ್ ಘಟಕವನ್ನು ತೆರೆದಾಗ ತರಬೇತಿಗೆ ಬಂದವರು ಡಿಸ್ನಿಯಲ್ಲೇ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್. ಆದರೆ ಆ ಘಟಕದ 1957ರ ಜಾತಕ ಕಥೆಯ ಚಿತ್ರ ಅಜಂತಾದ ಗೆರೆಗಳನ್ನು ಆರಿಸಿಕೊಂಡಿತು. ಇದು ಸಣ್ಣ ಸಂಗತಿಯಲ್ಲ. ಕಲಿಸಿದವರ ಕೈ ಹೊರಗಿನದು, ಗೆರೆ ಮಾತ್ರ ಈ ನೆಲದ್ದು ಎಂಬ ವಿವೇಕ ಮೊದಲ ಹೆಜ್ಜೆಯಲ್ಲೇ ಇತ್ತು. ಅಲ್ಲಿ ಬೆಳೆದ ರಾಮ್ ಮೋಹನ್ ಮುಂದೆ 1990ರ ದಶಕದಲ್ಲಿ ಯುನಿಸೆಫ್‌ಗಾಗಿ ‘ಮೀನಾ’ ಎಂಬ ಹುಡುಗಿಯನ್ನು ರೂಪಿಸಿದರು. ಶಾಲೆ, ಕೈತೊಳೆಯುವುದು, ವಾಂತಿಭೇದಿಗೆ ಉಪ್ಪು-ಸಕ್ಕರೆಯ ನೀರು, ಮನೆಯಲ್ಲಿ ಗಂಡು ಹೆಣ್ಣಿಗೆ ಸಮಪಾಲಿನ ಊಟ, ಇವೆಲ್ಲ ಅವಳ ಕಥೆಗಳು. ಅವಳ ಹೆಸರು, ಉಡುಪು, ಮನೆಯ ಅಂಗಳ ಯಾವುದೂ ಸ್ಟುಡಿಯೋದಲ್ಲಿ ಕೂತು ನಿರ್ಧರಿಸಿದ್ದಲ್ಲ. ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನಗಳ ಹಳ್ಳಿಗಳಲ್ಲಿ ತಾಯಂದಿರಿಗೂ ಮಕ್ಕಳಿಗೂ ತೋರಿಸಿ, ಕೇಳಿ, ತಿದ್ದಿ ಗೊತ್ತುಮಾಡಿದ್ದು. ಮೀನಾ ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದಕ್ಕೆ ಆ ಕೇಳುವಿಕೆಯೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ದೆಹಲಿಯ ಪಾಲೂ ಇದರಲ್ಲಿ ಇದೆ. ಎನ್‌ಸಿಇಆರ್‌ಟಿಯ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರದಲ್ಲಿದ್ದ ವಿಜಯಾ ಮುಳೆ ಅವರ ಕೈಯಲ್ಲಿ 1974ರಲ್ಲಿ ‘ಏಕ್ ಅನೇಕ್ ಔರ್ ಏಕತಾ’ ಎಂಬ ಅನಿಮೇಷನ್ ಚಿತ್ರ ಮೂಡಿತು. ಮರುವರ್ಷ, 1975ರ ಆಗಸ್ಟ್ 1ರಂದು ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಆರಂಭವಾಗಿ ಒಂದು ವರ್ಷ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಸೇರಿದವು ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಆರೋಗ್ಯ, ಬೇಸಾಯ, ಕುಟುಂಬ ಯೋಜನೆಯ ಕಾರ್ಯಕ್ರಮಗಳು ಸಂಜೆ ಪಂಚಾಯಿತಿ ಕಟ್ಟೆಯಲ್ಲೋ ಶಾಲೆಯ ಅಂಗಳದಲ್ಲೋ ಇಟ್ಟ ಒಂದೇ ಸೆಟ್ಟಿನಲ್ಲಿ ಬಂದವು, ಊರಿಗೆ ಊರೇ ಕೂತು ನೋಡಿತು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬಿಜಾಪುರದ ಕರಿಮಣ್ಣಿನ ರೈತನಿಗೆ ಹೈದರಾಬಾದಿನ ಸ್ಟುಡಿಯೋದ ಕನ್ನಡ, ಅದೂ ಆಕಾಶದ ಮೂಲಕ. ಆ ಪ್ರಯೋಗದ ಸಾಹಸಕ್ಕೆ ಕೈಮುಗಿಯುತ್ತೇನೆ. ಅದರ ಜೊತೆಗೆ, ದೂರದಲ್ಲಿ ತಯಾರಿಸಿ ಎಲ್ಲರಿಗೂ ಹಂಚುವ ಅಭ್ಯಾಸ ಅಲ್ಲಿಂದ ಇಲ್ಲಿಯವರೆಗೆ ಬಿಟ್ಟುಹೋಗಿಲ್ಲ ಎಂಬುದನ್ನೂ ಹೇಳಲೇಬೇಕು.

ಆ ಅಭ್ಯಾಸದ ಬೇರಿನಲ್ಲಿ ಇರುವುದು ‘ಜನರಿಗೆ ತಿಳಿವಳಿಕೆ ಇಲ್ಲ’ ಎಂಬ ನಂಬಿಕೆ. ಇದನ್ನು ಅಲುಗಾಡಿಸಿದ ಒಂದು ಅಧ್ಯಯನ ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳ್ಳಿಯ ಕ್ಷಯರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧದಷ್ಟು ಜನ ಆಗಲೇ ಆಧುನಿಕ ವೈದ್ಯದ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧದ ಸೀಸೆ. ಬ್ಯಾನರ್ಜಿ ಮುಂದೆ ಇದೇ ದೆಹಲಿಗೆ ಬಂದು ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸಾಮುದಾಯಿಕ ಆರೋಗ್ಯದ ಕೇಂದ್ರವನ್ನು ಕಟ್ಟಿದರು. ಚಿತ್ರ ಮಾಡಲು ಹೊರಟ ಪ್ರತಿಯೊಬ್ಬರೂ ಮೊದಲು ಓದಬೇಕಾದ ಅಧ್ಯಯನ ಅದು. ಕೆಮ್ಮು ಎರಡು ವಾರ ಮೀರಿದರೆ ಆಸ್ಪತ್ರೆಗೆ ಹೋಗಿ ಎಂದು ಹೋದವರಿಗೇ ಮತ್ತೆ ಮತ್ತೆ ಹೇಳುವುದರಲ್ಲಿ ಅರ್ಥವಿಲ್ಲ. ಅವರ ಪ್ರಶ್ನೆ ಬೇರೆಯೇ ಇರುತ್ತದೆ.

ಆ ಪ್ರಶ್ನೆ ಏನೆಂದು ಕ್ಷಯದ ಉದಾಹರಣೆಯಲ್ಲೇ ನೋಡೋಣ. ಔಷಧಕ್ಕೆ ಮಣಿಯುವ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಎರಡು ತಿಂಗಳು ನಾಲ್ಕು ಔಷಧ, ಮಿಕ್ಕ ನಾಲ್ಕು ತಿಂಗಳು ಮೂರು. ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ಜ್ವರ ಬಿಡುತ್ತದೆ, ಹಸಿವು ಮರಳುತ್ತದೆ, ಮೈ ತುಂಬಿಕೊಳ್ಳುತ್ತದೆ. ಆಗ ರೋಗಿ ಕೇಳುವುದು ಒಂದೇ: ಚೆನ್ನಾಗಿಯೇ ಇದ್ದೇನಲ್ಲ, ಇನ್ನೂ ಏಕೆ ನುಂಗಬೇಕು? ಇದಕ್ಕೆ ‘ವೈದ್ಯರು ಹೇಳಿದ್ದಾರೆ’ ಎಂಬುದು ಉತ್ತರವಾಗದು. ನಿಜವಾದ ಉತ್ತರ ಕ್ರಿಮಿಯ ಬದುಕಿನಲ್ಲಿದೆ. ಬೇಗ ಬೇಗ ಹೆಚ್ಚುವ ಕ್ರಿಮಿಗಳು ಬೇಗ ಸಾಯುತ್ತವೆ. ನಿದ್ದೆ ಹೋದಂತೆ ಸುಮ್ಮನಿರುವ ಕೆಲವು ಉಳಿದುಬಿಡುತ್ತವೆ. ಅವು ಎದ್ದಾಗಲೆಲ್ಲ ಔಷಧ ಅಲ್ಲಿ ಕಾದಿರಬೇಕು.

ಇದನ್ನು ಬಿಜಾಪುರದ ರೈತನಿಗೆ ತೋರಿಸುವುದಾದರೆ ನಾನು ಕರಿಕೆಯನ್ನು ಬಿಡಿಸುತ್ತೇನೆ. ಮೇಲೆ ಹೆರೆದರೆ ಹೊಲ ಶುಚಿಯಾಗಿ ಕಾಣುತ್ತದೆ, ಒಂದು ಮಳೆ ಬಿದ್ದರೆ ಕೆಳಗಿನ ಬೇರಿನಿಂದ ಮತ್ತೆ ಹಸಿರು. ಬೇರು ಕೀಳದೆ ಬಿತ್ತಿದವನ ಪಾಡನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಚಿತ್ರವನ್ನು ದೆಹಲಿಯ ಸೀಮಾಪುರಿಯ ಬಾಡಿಗೆ ಕೋಣೆಯಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ತೋರಿಸಿದರೆ ಅವನಿಗೆ ಕಾಣುವುದು ಬರೀ ಹುಲ್ಲು. ಅವನಿಗೆ ಮಂಚದ ತಿಗಣೆ ಗೊತ್ತು. ಔಷಧ ಹೊಡೆದ ರಾತ್ರಿ ಸುಖವಾಗಿ ನಿದ್ದೆ, ಹತ್ತು ದಿನ ಕಳೆದರೆ ಸಂದಿಯಲ್ಲಿ ಉಳಿದ ಮೊಟ್ಟೆ ಒಡೆದು ಮತ್ತೆ ಕಾಟ. ತಿಳಿಸಬೇಕಾದ ವಿಷಯ ಒಂದೇ, ಅದಕ್ಕೆ ಬೇಕಾದ ಚಿತ್ರ ಎರಡು. ಚಿತ್ರಕ್ಕೂ ತಾಯ್ನುಡಿ ಇದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಇದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಡಬ್ಬಿಂಗ್ ತೋರಿಸಿಕೊಡುತ್ತದೆ. ಸಕ್ಕರೆ ಕಾಯಿಲೆಯ ಚಿತ್ರವೊಂದನ್ನು ಇಲ್ಲಿ ಹಿಂದಿಯಲ್ಲಿ ತಯಾರಿಸಿ ಕನ್ನಡದ ಧ್ವನಿ ಕೂಡಿಸಿದಿರಿ ಎನ್ನಿ. ಧ್ವನಿ ‘ಮುದ್ದೆ, ಅನ್ನ’ ಎನ್ನುತ್ತದೆ. ಪರದೆಯ ಮೇಲೆ ತಂದೂರಿ ರೊಟ್ಟಿ, ಗುಲಾಬ್ ಜಾಮೂನು. ಮಂಡ್ಯದ ಅಜ್ಜಿ ಅದನ್ನು ನೋಡಿ ‘ನಾನಂತೂ ಇದ್ಯಾವುದನ್ನೂ ತಿನ್ನುವುದಿಲ್ಲ’ ಎಂದು ನೆಮ್ಮದಿಯಾಗಿ ಇರುತ್ತಾರೆ. ನಾವಿಟ್ಟ ಹೆಸರೇ ಅವರನ್ನು ಅತ್ತ ಕೊಂಡೊಯ್ದಿರುತ್ತದೆ. ‘ಸಕ್ಕರೆ ಕಾಯಿಲೆ’ ಎಂದ ಕೂಡಲೇ ಕಾಫಿಯ ಸಕ್ಕರೆ ಬಿಟ್ಟರೆ ಮುಗಿಯಿತು ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ‘ಪಾರ್ಶ್ವವಾಯು’ ಎಂದರೆ ಗಾಳಿ ಬಡಿದದ್ದು ಎಂಬ ಭಾವ ಬರುತ್ತದೆ. ಮಿದುಳಿನ ರಕ್ತನಾಳ ಕಟ್ಟಿರುವುದು, ಗಂಟೆಗಳ ಒಳಗೆ ಆಸ್ಪತ್ರೆ ಸೇರಬೇಕಾದದ್ದು ಆ ಹೆಸರಿನಲ್ಲಿ ಇಲ್ಲ. ಹೆಸರುಗಳನ್ನು ಕಿತ್ತುಹಾಕಿ ಎನ್ನುವುದಿಲ್ಲ. ಅವು ನಮ್ಮ ಅಜ್ಜಂದಿರ ವಿಚಾರಗಳು, ಆಳವಾಗಿ ಬೇರು ಬಿಟ್ಟಿವೆ. ಕನ್ನಡದಲ್ಲಿ ತಯಾರಾದ ಚಿತ್ರ ಆ ಹೆಸರಿನಿಂದಲೇ ಆರಂಭವಾಗಬೇಕು: ತಟ್ಟೆಯ ಮುದ್ದೆ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುವುದನ್ನು, ಆ ಸಕ್ಕರೆ ಜೀವಕೋಶದ ಬಾಗಿಲಲ್ಲಿ ನಿಂತು ಒಳಗೆ ಹೋಗಲಾರದೆ ರಕ್ತದಲ್ಲೇ ಉಳಿಯುವುದನ್ನು ತೋರಿಸಬೇಕು. ಆಗ ‘ಸಕ್ಕರೆ’ ಎಂಬ ಮಾತಿನ ಅರ್ಥ ತಾನಾಗಿ ಹಿಗ್ಗುತ್ತದೆ. ಅನುಪಮಾ ನಿರಂಜನ ‘ತಾಯಿ ಮಗು’, ‘ಕೇಳು ಕಿಶೋರಿ’ ಪುಸ್ತಕಗಳಲ್ಲಿ ನಾಚಿಕೆಯ ವಿಷಯಗಳನ್ನು ಮನೆಯ ಹಿರಿಯಕ್ಕನಂತೆ ಹೇಳಿದರು. ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಮನೋರೋಗದ ಬಗ್ಗೆ ಹಾಗೆಯೇ ಬರೆದರು. ಅವರ ವಾಕ್ಯಗಳಿಗೆ ಕನ್ನಡದ ಮನೆಯ ವಾಸನೆ ಇದೆ. ಅನಿಮೇಷನ್ ಮಾಡುವವರು ಕಲಿಯಬೇಕಾದದ್ದು ಅಲ್ಲಿಂದ.

ಚಿತ್ರ ಎಂದರೆ ಎಲ್ಲರಿಗೂ ತಾನಾಗಿ ಅರ್ಥವಾಗುವ ವಿಶ್ವಭಾಷೆ ಎಂಬ ಮಾತನ್ನು ನಾನು ಒಪ್ಪಲಾರೆ. 1976ರಲ್ಲಿ ಡಯಾನಾ ಫಸೆಲ್ ಮತ್ತು ಆನೆ ಹೋಲಾಂಡ್ ನೇಪಾಳದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಸಾಲಾಗಿ ಇಟ್ಟ ಚಿತ್ರಗಳನ್ನು ಒಂದೇ ಕಥೆಯಾಗಿ ಕೂಡಿಸಿ ಓದಬೇಕು ಎಂಬುದೇ ಓದುಬರಹ ಬಾರದ ಹಲವರಿಗೆ ಹೊಳೆದಿರಲಿಲ್ಲ. ಸೊಳ್ಳೆಯನ್ನು ಕೋಳಿಯಷ್ಟು ದೊಡ್ಡದಾಗಿ ತೋರಿಸಿದಾಗ ‘ನಮ್ಮೂರಿನಲ್ಲಿ ಇಂಥ ಸೊಳ್ಳೆ ಇಲ್ಲ’ ಎಂದರಂತೆ ಎಂಬ ಕಥೆ ಆರೋಗ್ಯ ಕಾರ್ಯಕರ್ತರಲ್ಲಿ ಹಳೆಯದು. ನಡೆಯಿತೋ ಇಲ್ಲವೋ, ಅದರ ಒಳಗಿನ ಎಚ್ಚರಿಕೆ ನಿಜ. ಅನಿಮೇಷನ್ ಚಲಿಸುವುದರಿಂದ ಸಾಲನ್ನು ಕೂಡಿಸುವ ತೊಡಕು ಕಡಿಮೆಯಾಗುತ್ತದೆ, ಗಾತ್ರದ ತೊಡಕು ಉಳಿಯುತ್ತದೆ. ಆದ್ದರಿಂದ ಒಳಗೆ ಹೋಗುವಾಗ ದೃಶ್ಯವನ್ನು ಕತ್ತರಿಸಬಾರದು. ಮುಖ, ತುಟಿ, ಗಂಟಲು, ನಾಳ ಎಂದು ನೋಡುವವನ ಕೈಹಿಡಿದು ಕರೆದೊಯ್ಯಬೇಕು, ಹೊರಗೆ ಬರುವಾಗಲೂ ಬಂದ ದಾರಿಯಲ್ಲೇ ಕರೆತಂದು ಅದೇ ಮುಖಕ್ಕೆ ಮುಟ್ಟಿಸಬೇಕು. ಸ್ಟ್ಯಾನ್‌ಫರ್ಡಿನ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಹಲವು ಅಧ್ಯಯನಗಳನ್ನು ತೂಗಿ ನೋಡಿ, ಅಷ್ಟೇ ಮಾಹಿತಿಯುಳ್ಳ ನಿಂತ ಚಿತ್ರಕ್ಕಿಂತ ಚಲಿಸುವ ಚಿತ್ರ ಹೆಚ್ಚು ಕಲಿಸುತ್ತದೆ ಎಂಬುದಕ್ಕೆ ಬಲವಾದ ಆಧಾರ ಕಾಣಲಿಲ್ಲ ಎಂದರು. ನೋಡಿ ಮುಗಿಸುವ ಮೊದಲೇ ಅದು ಸರಿದುಹೋಗುತ್ತದೆ ಎಂಬುದು ಅವರು ಗುರುತಿಸಿದ ಮುಖ್ಯ ತೊಂದರೆ. ಈ ಕ್ಷೇತ್ರವನ್ನು ಪ್ರೀತಿಸುವ ನಮಗೆ ಇದು ಕಹಿ ಗುಳಿಗೆ, ಆದರೂ ನುಂಗಬೇಕಾದದ್ದೇ. ಆಸ್ಪತ್ರೆಯ ಟಿವಿಯಲ್ಲಿ ಓಡುವ ಚಿತ್ರಕ್ಕಿಂತ ಆಶಾ ಕಾರ್ಯಕರ್ತೆಯ ಮೊಬೈಲಿನಲ್ಲಿ ಬೆರಳಿನಿಂದ ನಿಲ್ಲಿಸಬಹುದಾದ ಚಿತ್ರ ಉತ್ತಮ. ಅಲ್ಲಿ ನಿಲ್ಲಿಸಿ ‘ಇದೇನು?’ ಎಂದು ಕೇಳಬಹುದು.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕ್ರಿಮಿಯನ್ನು ರಾಕ್ಷಸನಾಗಿ ಬಿಡಿಸುವುದು ಸುಲಭ, ಮಕ್ಕಳು ನಗುತ್ತಾರೆ. ಆದರೆ ರಾಕ್ಷಸ ಕೂತಿರುವುದು ಯಾರ ಎದೆಯಲ್ಲಿ? ಕೆಮ್ಮಿದಾಗ ಕೆಂಪು ಕ್ರಿಮಿಗಳು ಬಾಣದಂತೆ ಹಾರುವುದನ್ನು ತೋರಿಸಿ ಅಲ್ಲಿಗೇ ನಿಲ್ಲಿಸಿದರೆ, ಅತ್ತೆಮನೆಯಲ್ಲಿ ಸೊಸೆಯ ತಟ್ಟೆ ಲೋಟ ಬೇರೆಯಾಗುತ್ತವೆ. ಸರಿಯಾದ ಔಷಧ ಶುರುವಾದ ಮೇಲೆ ಹರಡುವ ಶಕ್ತಿ ಬೇಗನೆ ತಗ್ಗುತ್ತದೆ ಎಂಬ ಮುಂದಿನ ದೃಶ್ಯವನ್ನು ಬಿಡುವುದು ಅರ್ಧ ಸತ್ಯ ಹೇಳಿದಂತೆ. ರೋಗಿಯನ್ನು ಬಿಡಿಸುವಾಗ ಮೈಬಣ್ಣ ಕಪ್ಪು, ಮನೆ ಗುಡಿಸಲು, ವೈದ್ಯ ಮಾತ್ರ ಬೆಳ್ಳಗೆ ಎಂಬ ಪದ್ಧತಿಯನ್ನೂ ಬಿಡಬೇಕು. ಕ್ಷಯ ದಕ್ಷಿಣ ದೆಹಲಿಯ ಬಂಗಲೆಗೂ ಬರುತ್ತದೆ. ಕಾರ್ಟೂನ್ ಎಂದರೆ ಮಕ್ಕಳದ್ದು ಎಂಬ ಭಾವನೆಯಿಂದ ವಯಸ್ಸಾದವರೊಡನೆ ತೊದಲುನುಡಿಯಲ್ಲಿ ಮಾತಾಡುವುದು ಕೂಡ ಅವಮಾನವೇ. ಇನ್ನು ವೈವಿಧ್ಯವೆಂದರೆ ಬರಿಯ ಪ್ರಾಂತ್ಯಗಳ ವೈವಿಧ್ಯವಲ್ಲ. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಿಂದ ಇದೇ ದೆಹಲಿಯಲ್ಲಿದೆ. ಕಿವಿ ಕೇಳದವರಿಗೆ ಪರದೆಯ ಮೂಲೆಯಲ್ಲೊಂದು ಸಣ್ಣ ಚೌಕ ಕೊಟ್ಟು ಕೈತೊಳೆದುಕೊಳ್ಳದೆ, ಕೈಮಾತು ಬಲ್ಲವರನ್ನು ಚಿತ್ರದ ಮೊದಲ ಕರಡಿಗೇ ಕೂರಿಸಿಕೊಳ್ಳಬೇಕು.

ಇದೆಲ್ಲವೂ ಒಂದೇ ಕಡೆ ಸೇರುವ ಉದಾಹರಣೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ದೆಹಲಿಯ ಪಂಜಾಬಿ, ಸಿಂಧಿ ಕುಟುಂಬಗಳಲ್ಲಿ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು ಗಣನೀಯ ಪ್ರಮಾಣದಲ್ಲಿ ಇದ್ದಾರೆ. ನಮ್ಮ ಚಾಮರಾಜನಗರ, ಮೈಸೂರು ಸೀಮೆಯ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿ ಕುಡಗೋಲು ಕಣದ ರಕ್ತಹೀನತೆ ಇದೆ. ಅದನ್ನು ನೀಗಲು ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಯಿತು. ಈ ಎರಡು ಕಾಯಿಲೆಗಳೂ ತಂದೆತಾಯಿಯಿಂದ ಮಗುವಿಗೆ ಬರುವಂಥವು. ವಾಹಕರಾದ ತಂದೆತಾಯಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತೀವ್ರ ಥಲಸ್ಸೀಮಿಯಾ ಇರುವ ಮಗುವಿಗೆ ಮಾತ್ರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು, ಮೈಯಲ್ಲಿ ಸೇರುವ ಕಬ್ಬಿಣವನ್ನು ತೆಗೆಯಲು ಮತ್ತೆ ಔಷಧ ಕೊಡಬೇಕು. ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಕರಪತ್ರಗಳು ಹೇಳುತ್ತವೆ. ಅದನ್ನು ಓದಿದ ತಂದೆತಾಯಿ ‘ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದುಕೊಂಡರೆ ತಪ್ಪು ಅವರದ್ದಲ್ಲ, ವಾಕ್ಯದ್ದು. ಜೊತೆಗೆ ಮಗುವಿನ ಕಾಯಿಲೆಗೆ ತಾಯಿಯನ್ನೇ ಹೊಣೆ ಮಾಡುವ ಮನೆಗಳು ಎಷ್ಟಿಲ್ಲ!

ನಾನು ಕನ್ನಡದಲ್ಲಿ ಈ ಚಿತ್ರ ಮಾಡಿಸುವುದಾದರೆ ಚೌಕಾಬಾರದ ಮನೆಯನ್ನು ಬಿಡಿಸುತ್ತೇನೆ. ಒಂದು ಮಗ್ಗುಲು ತೇಯ್ದು ಬಿಳಿ ಮಾಡಿದ ಎರಡು ಹುಣಸೆ ಬೀಜ. ಒಂದು ತಾಯಿಯ ಕೈಯಲ್ಲಿ, ಒಂದು ತಂದೆಯ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಎಸೆಯುತ್ತಾರೆ. ಎರಡೂ ಕಂದು ಬಿದ್ದರೆ ಮಗುವಿಗೆ ಕಾಯಿಲೆಯೂ ಇಲ್ಲ, ವಾಹಕವೂ ಅಲ್ಲ. ಒಂದು ಕಂದು ಒಂದು ಬಿಳಿ ಬಿದ್ದರೆ ತಂದೆತಾಯಿಯ ಹಾಗೆ ವಾಹಕ. ಎರಡೂ ಬಿಳಿ ಬಿದ್ದರೆ ಕಾಯಿಲೆ. ಬೀಜದ ಎರಡು ಮಗ್ಗುಲೂ ನಿಜವಾದ ಆಟದಲ್ಲಿ ಸರಿಸಮವಾಗಿ ಬೀಳುವುದಿಲ್ಲ ಎಂದು ಲೆಕ್ಕದ ಮೇಷ್ಟ್ರು ಆಕ್ಷೇಪಿಸಬಹುದು. ಬಿಡಿಸಿದ ಬೀಜವನ್ನು ನಾವು ಸಮವಾಗಿ ಬೀಳಿಸಬಹುದಲ್ಲ. ಮುಂದಿನ ಬಸುರಿಗೆ ಅದೇ ಎರಡು ಬೀಜಗಳನ್ನು ಆಯ್ದುಕೊಂಡು ಮತ್ತೆ ಎಸೆಯಬೇಕು. ಹಿಂದೆ ಹೇಗೆ ಬಿದ್ದಿತ್ತೆಂಬುದು ಬೀಜಕ್ಕೆ ಗೊತ್ತಿಲ್ಲ. ಒಂದು ನಿಮಿಷದೊಳಗೆ, ಒಂದು ಅಂಕಿಯನ್ನೂ ಬರೆಯದೆ, ಪ್ರತಿ ಸಲವೂ ಸಾಧ್ಯತೆ ಹೊಸದಾಗಿಯೇ ಇರುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ತಂದೆಯ ಕೈಯಲ್ಲೂ ಒಂದು ಬೀಜವಿತ್ತು ಎಂಬುದೂ ಬೀಳುತ್ತದೆ. ದೆಹಲಿಯ ಪಂಜಾಬಿ ಮನೆಗೆ ಹುಣಸೆ ಬೀಜದ ಬದಲು ನಾಣ್ಯವೋ ಬೇರೇನೋ ಬೇಕಾಗಬಹುದು. ಮಗುವಿನ ವಿಷಯದಲ್ಲಿ ಆಟದ ಹೋಲಿಕೆಯೇ ನೋವು ಕೊಡುತ್ತದೆ ಎನ್ನುವ ಕುಟುಂಬಗಳೂ ಇರಬಹುದು. ರಕ್ತಕ್ಕಾಗಿ ಸಾಲಿನಲ್ಲಿ ಕಾದು ಕೂತ ತಂದೆತಾಯಿಗಳನ್ನು ಕೇಳಿಯೇ ಅದನ್ನು ಗೊತ್ತುಮಾಡಬೇಕು.

ಮೂರನೆಯ ಸಲ ಬೀಜಗಳು ಕೈಬಿಟ್ಟು ಮೇಲೆ ಹಾರಿದಾಗ ಚಿತ್ರ ನಿಲ್ಲಬೇಕು. ಥಲಸ್ಸೀಮಿಯಾದ ವಾಹಕರೇ ಎಂದು ತಿಳಿಯಲು ಮದುವೆಗೆ ಮುಂಚೆಯೋ ಬಸುರಿನ ಮೊದಲ ವಾರಗಳಲ್ಲೋ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆ ಮಾಡಿಸಬಹುದು. ಇಬ್ಬರೂ ವಾಹಕರೆಂದು ತಿಳಿದರೆ ಹತ್ತರಿಂದ ಹನ್ನೆರಡನೆಯ ವಾರದ ಹೊತ್ತಿಗೆ ಗರ್ಭದ ಪರೀಕ್ಷೆಗೂ ಅವಕಾಶವಿದೆ. ಮಾಡಿಸುವುದೋ ಬೇಡವೋ, ಮಾಡಿಸಿ ತಿಳಿದ ಮೇಲೆ ಏನು ಎಂಬುದು ಆ ದಂಪತಿಯ ಮಾತು, ಅವರ ಎದುರು ಕೂತ ಆಪ್ತಸಮಾಲೋಚಕರ ಮಾತು. ಆ ಮಾತು ಶುರುವಾಗುವವರೆಗೂ ಪರದೆಯ ಮೇಲೆ ಎರಡು ಬೀಜಗಳು ಗಾಳಿಯಲ್ಲೇ ಇರಲಿ.